ಏಳು ಹಾಲಿಗೆ ಆರು ಕಲ್ದಾರ್

ಮುಕ್ಕಾಲು ಗಂಟೆಯಿಂದ ಮೆಹಜಬೀನ ಜರಿ ದುಪಟ್ಟಾದೊಳಗೆ ಬೆವರುತ್ತ ಕೂತಿದ್ದಳು. ಕೊಪ್ಪಳದ ಆ ಶಾದಿಮಹಲಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಇದ್ದದ್ದು ಒಂದೇ ಒಂದು ಹಸಿರು ಪರದೆ. ಆಚೆ ಆಡಿದ್ದೆಲ್ಲ ಈಚೆ ಕೇಳುತ್ತಿತ್ತು, ಕೇಳದಿದ್ದರೇ ಪಾಡಾಗಿತ್ತು. ನಿಕಾ ನಿಂತದ್ದು ವರೋಪಚಾರಕ್ಕಲ್ಲ, ಊಟಕ್ಕಲ್ಲ. ಚಲಾವಣೆ ನಿಂತು ಅರವತ್ತು ವರ್ಷ ದಾಟಿದ ಒಂದು ರೂಪಾಯಿಗೆ!

ಅವರ ಮನೆತನದ ರಿವಾಜೇ ಹಾಗೆ. ಗಂಡು ಹೆಣ್ಣಿಗೆ ಕೊಡಬೇಕಾದ ಮೆಹರು ಅಜ್ಜಿಗೆ ಎಷ್ಟು ನಿಗದಿಯಾಗಿತ್ತೋ ಮೊಮ್ಮಗಳಿಗೂ ಅಷ್ಟೇ. ದಾದಿ ಸರ್ದಾರಬೀಯ ಮೆಹರು ಏಳುನೂರು ರೂಪಾಯಿ, ಹಾಲಿ ಸಿಕ್ಕಾ. ಅಂದರೆ ನಿಜಾಮರ ಕಾಲದ ರೂಪಾಯಿ. ಖಾಜಿ ಸಾಹೇಬರು ರಿಜಿಸ್ಟರು ಬಿಚ್ಚಿ, “ಇದರಾಗ ಹಾಲಿ ಸಿಕ್ಕಾ ಅಂತ ಬರಿಯಾಕ ಬರಂಗಿಲ್ರಿ. ಈಗಿನ ರೂಪಾಯಿ ಎಷ್ಟಂತ ಹೇಳ್ರಿ” ಅಂದದ್ದೇ ತಪ್ಪಾಯಿತು.

“ಆರುನೂರು!” ಎಂದರು ಹೈದರಸಾಬರು. ಗಂಡು ಆಸೀಫನ ದೊಡ್ಡಪ್ಪ, ಗಂಗಾವತಿಯ ನಿವೃತ್ತ ಮಾಸ್ತರರು. ಯಾರೂ ಕೇಳದಿದ್ದರೂ ಪಾಠ ಮಾಡುವವರು. “ಏಳು ಹಾಲಿಗೆ ಆರು ಕಲ್ದಾರ್. ಕಲ್ದಾರ್ ಅಂದ್ರ ಇಂಗ್ರೇಜರ ರೂಪಾಯಿ. ಕಲ್ ಅಂದ್ರ ಮಷೀನು, ಮಷೀನಿನ್ಯಾಗ ಒತ್ತಿದ್ದು. ಅದರಾಗ ಬೆಳ್ಳಿ ಹೆಚ್ಚು, ನಮ್ಮ ಹಾಲಿಯೊಳಗ ಕಡಿಮಿ. ಹೊಳಿ ದಾಟಿ ಇಂಗ್ರೇಜರ ಸೀಮಿ ಹೊಸಪೇಟಿ ಸಂತಿಗೆ ಹೋಗೋರು ಏಳು ಕೊಟ್ಟು ಆರು ಇಸ್ಕೊಂಡು ಹೋಗ್ತಿದ್ರು.”

“ಅದೆಂಗ ಕಡಿಮಿ ಆಗತೈತ್ರಿ ಬೀಗರ?” ಇದು ಮೆಹಜಬೀನಳ ಅಪ್ಪ ರಾಜಾಸಾಬ. “ನೂರಕ್ಕ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ. ನಮ್ಮಪ್ಪ ಸಾಯೋತನಕ ಇದನ್ನ ಹೇಳ್ತಿದ್ದ. ಏಳುನೂರಕ್ಕ ಎಂಟುನೂರಾ ಹದಿನಾರು ಆಗಬೇಕು!”

ಮೆಹಜಬೀನ ಹಣೆ ಚಚ್ಚಿಕೊಂಡಳು. ಪಕ್ಕದ ಭಾಗ್ಯನಗರದ ಸೊಸೈಟಿಯೊಂದರಲ್ಲಿ ಐದು ವರ್ಷದಿಂದ ಕ್ಯಾಷಿಯರು ಅವಳು. ಇಬ್ಬರೂ ಹೇಳುತ್ತಿದ್ದುದು ಒಂದೇ ದರ. ನೂರು ಕಲ್ದಾರಿಗೆ ನೂರಾ ಹದಿನಾರು ಹಾಲಿ. ಅಪ್ಪ ಅದನ್ನು ತಲೆಕೆಳಗು ಮಾಡಿ ಹಿಡಿದಿದ್ದ, ಅಷ್ಟೇ. ಆದರೆ ಯಾರ ಲೆಕ್ಕ ಸರಿಯಾದರೆ ತನಗೇನು ಬಂತು? ಆರುನೂರಾಗಲಿ ಎಂಟುನೂರಾಗಲಿ, ಅವಳ ತಲೆಗೆ ಮುಡಿಸಿದ್ದ ಮಲ್ಲಿಗೆಗೂ ಸಾಲದು. ಜೀವಮಾನದಲ್ಲಿ ತನ್ನದು ಅಂತ ಹಕ್ಕಿನಿಂದ ಬರುವುದು ಇದೊಂದು. ಅದನ್ನೂ ಇವರು ಆಣೆ ಪೈಯಲ್ಲಿ ಅರೆಯುತ್ತ ಕೂತರಲ್ಲ ಎಂದು ಮೈಯೆಲ್ಲ ಉರಿಯಿತು.

ಪಕ್ಕದಲ್ಲಿ ದಾದಿ ಆರಾಮಾಗಿ ಎಲೆಯಡಿಕೆ ಕುಟ್ಟುತ್ತಿದ್ದಳು. ಎಂಬತ್ತೆಂಟು ವರ್ಷದ ಜೀವ. ಈ ಊರಲ್ಲಿ ಆ ರೂಪಾಯಿಯನ್ನು ಕೈಯಲ್ಲಿ ಹಿಡಿದವರು ಉಳಿದಿದ್ದರೆ ಇವಳೇ. ಪರದೆಯಾಚೆಯ ಪಂಡಿತರೊಬ್ಬರಿಗೂ ಇವಳನ್ನು ಕೇಳೋಣ ಅನ್ನಿಸಿರಲಿಲ್ಲ.

“ದಾದಿ, ನಿನಗ ಎಷ್ಟು ಕೊಟ್ರು? ಆರುನೂರೋ ಏಳುನೂರೋ?”

“ನನಗ?” ದಾದಿಯ ಕೈ ನಿಂತಿತು. “ಒಂದು ದಮ್ಮಡಿ ಸೈತ ಕೊಡಲಿಲ್ಲವ್ವ. ನಿಮ್ಮ ದಾದಾ ತೀರಿಕೊಂಡಾಗ ಜನಾಜಾ ಅಂಗಳದಾಗ ಇಟ್ಟಿದ್ರು. ಮೆಹರು ಮಾಫ್ ಅನ್ನು, ಅವ ಹಗುರಾಗಿ ಹೋಗ್ಲಿ ಅಂದ್ರು. ನಾಕು ಮಂದಿ ಎದುರಿಗೆ ನಿಂತು ಕೇಳಿದ್ರ ಏನನ್ನಲಿ? ಮಾಫ್ ಅಂದೆ. ಅವತ್ತು ಯಾರೂ ದರ ಕೇಳಲಿಲ್ಲ ನೋಡು.”

ಅಷ್ಟರಲ್ಲಿ ಒಪ್ಪಿಗೆ ಕೇಳಲು ಹಿರಿಯರು ಪರದೆಯ ಬಳಿ ಬಂದರು. ಆರುನೂರೂ ಬೇಡ, ಎಂಟುನೂರೂ ಬೇಡ, ಏಳುನೂರೇ ಇರಲಿ ಅಂತ ರಾಜಿಯಾಗಿತ್ತಂತೆ. ಅಯ್ಯೋ ಖರ್ಮವೇ, ಇದಕ್ಕೆ ಮುಕ್ಕಾಲು ಗಂಟೆ! “ಖುಬೂಲ್ ಐತೇನವ್ವ?” ಎಂದು ಖಾಜಿ ಸಾಹೇಬರು ಕೇಳಿದರು.

“ಇಲ್ರಿ.”

“ಏ ಮೆಹಜಬೀನ! ಮರ್ಯಾದಿ ಕಳೀತಿ ಏನು?” ಎಂದು ರಾಜಾಸಾಬ ಗದರಿದ.

“ಇಲ್ಲಿತನಕ ನೀವು ಕಳದಿದ್ದು ಸಾಕಾಗಿಲ್ಲೇನು ಅಬ್ಬಾ? ನನಗ ಹಾಲಿ ಬ್ಯಾಡ, ಕಲ್ದಾರ್ ಬ್ಯಾಡ. ಎಷ್ಟು ಕೊಡ್ತೀನಿ ಅಂತ ಅವರ ಬಾಯಿಲೆ ಅವರ ಹೇಳ್ಲಿ. ಆದ್ರ ಇವತ್ತ, ಈಗ, ನನ್ನ ಕೈಯಾಗ ಬರಬೇಕು. ಆಮ್ಯಾಲೆ ಖುಬೂಲ್.”

ಅಂದ ಮೇಲೆ ಅವಳಿಗೇ ಹೆದರಿಕೆಯಾಯಿತು. ಬೀಗರು ಎದ್ದು ಹೋದರೆ? ಆಚೆ ಹೈದರಸಾಬರು ಏನೋ ಶುರುಮಾಡಿದರು. ಅವರ ಮಾತನ್ನು ಅರ್ಧಕ್ಕೇ ತಡೆದು ಆಸೀಫನ ದನಿ ಬಂತು. ಗಿಣಿಗೇರಿಯ ಕಾರ್ಖಾನೆಯ ಸದ್ದಿನಲ್ಲಿ ದುಡಿಯುವವನು, ಮೆಲ್ಲಗೆ ಮಾತಾಡಿಯೇ ಗೊತ್ತಿಲ್ಲ. “ದೊಡ್ಡಪ್ಪ, ಸಾಕು ಬಿಡ್ರಿ. ಎರಡು ತೊಲಿ ಸರ ತಂದೀವಲ್ಲ, ಅದನ್ನ ಮೆಹರು ಅಂತ ಬರೀರಿ ಖಾಜಿ ಸಾಹೇಬ್ರ. ಅದು ನನ್ನ ಸ್ವಂತ ದುಡಿಮಿದು.”

ಪರದೆಯ ಕೆಳಗಿನಿಂದ ಕೆಂಪು ಡಬ್ಬಿ ಬಂತು. ಮೆಹಜಬೀನ ಡಬ್ಬಿ ತೆರೆಯುವಷ್ಟರಲ್ಲಿ ದಾದಿ ಕೈ ಚಾಚಿದಳು. ಸರವನ್ನು ಅಂಗೈಯಲ್ಲಿ ಹಾಕಿಸಿಕೊಂಡು ಬೆರಳು ಮುಚ್ಚಿದಳು.

ಮೆಹಜಬೀನ ಮೂರು ಸಲ ಖುಬೂಲ್ ಅಂದಳು. ದುವಾ ಮುಗಿಯಿತು. ಖರ್ಜೂರ ಹಂಚಿದ್ದೂ ಆಯಿತು. ಸರ ಹಾಕಬೇಕೆಂದು ಹೆಂಗಸರು ಗುಂಪುಗೂಡಿದರು. ದಾದಿ ಮಾತ್ರ ಮುಷ್ಟಿ ಬಿಡಲಿಲ್ಲ.

“ಕೊಡು ದಾದಿ, ಎಲ್ಲಾರೂ ಕಾಯಾಕತ್ಯಾರ.”

“ಕೊಡ್ತೀನಿ ತಡಿಯವ್ವ” ಎಂದಳು ದಾದಿ. “ಕೈಯಾಗ ಬಂದ್ರ ಹ್ಯಾಂಗಿರತೈತಿ ಅಂತ ನೋಡಾಕತ್ತೀನಿ.”