ಹಳೆ ವಿಂಡೋಸ್ ಮತ್ತು ತಿಹೋಮಿರನ ಎಡಗೈ

ತಿಹೋಮಿರನ ಎಡಗೈ ಹದಿನೆಂಟು ವರ್ಷ ಅವನ ಗೋರಿಯ ಕರಿಕಲ್ಲಿನ ಮೇಲೆ ಅರ್ಧಕ್ಕೇ ನಿಂತಿತ್ತು. ಕೋಟಿನ ತೋಳು ಪಕ್ಕಕ್ಕೆ ಚಾಚಿಕೊಂಡು ಹೊರಡುತ್ತದೆ, ಮೊಣಕೈ ಬರುವ ಮೊದಲೇ ಚಿತ್ರ ಮುಗಿಯುತ್ತದೆ, ಅದರಾಚೆ ಬರೀ ನುಣುಪು ಕಲ್ಲು. ಗ್ಲಾಸಿಗೆ ಕೈ ಚಾಚುವಾಗಲೇ ಜೀವ ಹೋಯಿತು ಪಾಪ ಎಂದು ಊರಿನ ಕುಡುಕರು ನಗುತ್ತಿದ್ದರು. ನಿಜವಾಗಿ ಆ ಕೈ ಇದ್ದದ್ದು ಅವನ ಹೆಂಡತಿ ಸ್ತಾನಿಕಾಳ ಹೆಗಲ ಮೇಲೆ. ಅದು ಅವರ ಮದುವೆಯ ಫೋಟೋ. ಅರ್ಧವನ್ನಷ್ಟೇ ಕೆತ್ತಿದ್ದರು.

ನಮ್ಮ ತಿಮೋಕ್ ಕಣಿವೆಯಲ್ಲಿ ಗಂಡ ಸತ್ತರೆ ಗೋರಿಯ ಕಲ್ಲಿನ ಮೇಲೆ ಹೆಂಡತಿಯ ಮುಖವನ್ನೂ ಜೊತೆಗೇ ಕೆತ್ತಿಸಿಬಿಡುತ್ತಾರೆ. ಅವಳು ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಮುಂದೆ ಖಾಲಿ. ಸತ್ತವರ ಶನಿವಾರ ಬಂದಾಗಲೆಲ್ಲ ಹೆಂಗಸರು ಹೋಗಿ ಗಂಡನ ಮುಖದ ಜೊತೆ ತಮ್ಮ ಮುಖವನ್ನೂ ಸೋಪು ಹಾಕಿ ತೊಳೆದು ಬರುತ್ತಾರೆ. ಸ್ತಾನಿಕಾ ಮಾತ್ರ ಒಪ್ಪಿರಲಿಲ್ಲ. ಬದುಕಿರುವಾಗಲೇ ನನ್ನ ಮುಖದ ಮೇಲೆ ಕಾಗೆ ಹೇಲುವುದು ಬೇಡ ಎಂದಿದ್ದಳಂತೆ. ಗೋರಿಕಲ್ಲು ಕೆತ್ತುವ ರಾದಿಸಾವ್ ಮೇಸ್ತ್ರಿ ಇಡೀ ಫೋಟೋವನ್ನು ಕಂಪ್ಯೂಟರಿಗೆ ಹಾಕಿಟ್ಟು, ಗಂಡನ ಅರ್ಧವನ್ನು ಕೆತ್ತಿ, ಉಳಿದದ್ದನ್ನು ಹಾಗೇ ಬಿಟ್ಟರು. ಗೋರಿಯ ಬುಡಕ್ಕೆ ಕಾಂಕ್ರೀಟು ಸುರಿಯುವಾಗ ಸ್ತಾನಿಕಾ ಆ ಫೋಟೋವನ್ನೂ ಒಂದು ಬಾಟಲಿ ರಾಕಿಯಾ ಸಾರಾಯಿಯನ್ನೂ ಹಸಿ ಕಾಂಕ್ರೀಟಿನೊಳಗೆ ಇಟ್ಟುಬಿಟ್ಟಳು. ಅಲ್ಲಿಗೆ ಕಾಗದದ ಮೇಲಿನ ಫೋಟೋ ಮುಗಿಯಿತು. ಅವಳ ಇಪ್ಪತ್ತೆರಡರ ಮುಖ ಉಳಿದದ್ದು ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ.

ನಾನು ಮಿಲಾದಿನ್. ಹದಿನಾರಕ್ಕೆ ಶಾಲೆ ಬಿಟ್ಟು ಮೇಸ್ತ್ರಿಯ ಹತ್ತಿರ ಸೇರಿದೆ. ಈಗ ಇಪ್ಪತ್ನಾಲ್ಕು, ಕೆತ್ತುವ ಯಂತ್ರ ನನ್ನದೇ ಕೈಯಲ್ಲಿದೆ. ಯಂತ್ರಕ್ಕೊಂದು ವಜ್ರದ ಸೂಜಿ. ಅದು ಸಾಲುಸಾಲಾಗಿ ಕಲ್ಲನ್ನು ಕುಕ್ಕುತ್ತ ಹೋಗುತ್ತದೆ. ಕುಕ್ಕಿದಲ್ಲಿ ಬಿಳಿ ಚುಕ್ಕೆ, ಚುಕ್ಕೆಗಳು ಸೇರಿದರೆ ಮುಖ. ಅದನ್ನು ನಡೆಸುವ ಪ್ರೋಗ್ರಾಮು ಹಳೆ ವಿಂಡೋಸ್ ಎಕ್ಸ್‌ಪಿಯಲ್ಲಿ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ; ಚಾಲೂ ಮಾಡಿದರೆ ಪರದೆ ತುಂಬ ಹಸಿರು ಗುಡ್ಡ ಬರುವ ವಿಂಡೋಸ್ ಅದು. ಯಂತ್ರ ಮಾಡಿದವರು ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು.

ಅಕ್ಟೋಬರಿನಲ್ಲಿ ಸ್ತಾನಿಕಾ ಅಜ್ಜಿ ಕೋಲೂರಿಕೊಂಡು ಅಂಗಡಿಗೆ ಬಂದಳು. ಎಂಬತ್ತೆರಡು ವರ್ಷ. ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು ಉಸಿರು ತೆಗೆದುಕೊಂಡಳು.

"ನಿಶ್‌ನ ದೊಡ್ಡಾಸ್ಪತ್ರೆ ಡಾಕ್ಟರು ನನ್ನ ಎದೆ ಫೋಟೋ ತೆಗೆದ. ಈ ಚಳಿಗಾಲಕ್ಕೆ ಜಾಸ್ತಿ ಸೌದೆ ಕೂಡಿಹಾಕ್ಬೇಡ ಅಜ್ಜಿ ಅಂದ," ಎಂದಳು. "ಇನ್ನು ಕಾಗೆ ಏನಾದ್ರೂ ಮಾಡ್ಕೊಳ್ಲಿ. ನನ್ನನ್ನ ಅವನ ಪಕ್ಕ ಹಾಕಿಬಿಡು ಮಗಾ. ನೋಡ್ಕೊಂಡು ಸಾಯ್ತೀನಿ."

ನವೆಂಬರಿನ ಮೊದಲ ಶನಿವಾರ ಸತ್ತವರ ದಿನ. ಅಷ್ಟರೊಳಗೆ ಆಗಬೇಕು ಎಂದಳು. ನಾನು ಆಯಿತು ಎಂದೆ. ಗೋರಿಯಿಂದ ಚಿತ್ರದ ಕಲ್ಲನ್ನು ಬಿಡಿಸಿ ಅಂಗಡಿಗೆ ತಂದೆ. ಅದಾಗಿ ಎರಡೇ ದಿನಕ್ಕೆ ಕಂಪ್ಯೂಟರು ಸತ್ತಿತು. ಬಿಚ್ಚಿ ನೋಡಿದರೆ ಒಳಗೆ ಬೆರಳ ದಪ್ಪ ಕಲ್ಲಿನ ಧೂಳು, ಮುಖ್ಯ ಬೋರ್ಡು ಒಂದು ಕಡೆ ಸುಟ್ಟು ಕಪ್ಪಾಗಿತ್ತು. ಡಿಸ್ಕು ಮಾತ್ರ ಉಳಿದಿತ್ತು.

ಮೇಸ್ತ್ರಿಯ ಅಳಿಯ ದಾಲಿಬೋರ್ ಮಾರನೇ ದಿನವೇ ನಿಶ್‌ನಿಂದ ಹೊಸದೊಂದನ್ನು ಕಾರಿನಲ್ಲಿ ಹಾಕಿಕೊಂಡು ಬಂದ. ಅಲ್ಲಿ ಯಾವುದೋ ಆಫೀಸಿನಲ್ಲಿ ಅವನಿಗೆ ಕೆಲಸ. ಅವನು ಬಂದರೆ ಮೇಸ್ತ್ರಿ ಕುರ್ಚಿ ಬಿಟ್ಟು ಏಳುತ್ತಾರೆ. ಇರುವವಳು ಒಬ್ಬಳೇ ಮಗಳು.

"ಲೋ ಮಿಲಾದಿನ್, ಅದೇನು ಕಂಪ್ಯೂಟರೋ ಗೋರಿಯೋ?" ಎಂದ. "ಪ್ರಪಂಚ ಎಲ್ಲಿಗೋ ಹೋಗಿದೆ, ನೀವಿನ್ನೂ ಆ ಹಸಿರು ಗುಡ್ಡ ನೋಡ್ಕೊಂಡು ಕೂತಿದೀರ."

ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿದ. ಹೆಸರುಗಳು ಸಾಲಾಗಿ ಬಂದವು, ಒಂದೂ ತೆರೆಯಲಿಲ್ಲ. ಪ್ರೋಗ್ರಾಮು ಹಾಕಿದರೆ ಹೊಸ ವಿಂಡೋಸ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಯಂತ್ರದ ದಪ್ಪ ವೈರಿಗೆ ಇಪ್ಪತ್ತೈದು ಸೂಜಿ, ಹೊಸದರಲ್ಲಿ ಅದನ್ನು ಚುಚ್ಚುವ ತೂತೇ ಇಲ್ಲ. ದಾಲಿಬೋರನಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಬರುವ ವರ್ಷ ಲೇಸರ್ ಯಂತ್ರ ತರೋಣ, ಈ ಕುಕ್ಕೋ ಯಂತ್ರವನ್ನು ಗುಜರಿಗೆ ಹಾಕೋಣ ಎಂದ. ಹಾಗಾದರೆ ಅಜ್ಜಿಯ ಕಲ್ಲು ಎಂದು ಕೇಳಿದೆ.

"ಗುರುತಿನ ಚೀಟಿ ಫೋಟೋ ಇರತ್ತಲ್ಲ. ನನ್ನ ಸ್ನೇಹಿತನ ಹತ್ರ ಲೇಸರ್ ಇದೆ, ಅಲ್ಲಿ ಹಾಕಿಸ್ಕೊಡ್ತೀನಿ."

"ಇಪ್ಪತ್ತೈದರ ಗಂಡನ ಪಕ್ಕ ಎಂಬತ್ತೆರಡರ ಹೆಂಡ್ತಿನಾ? ನೋಡಿದೋರು ಅವರಮ್ಮ ಅಂತಾರೆ. ಆ ಕೈ ಎಲ್ಲಿಗೆ ಹೋಗತ್ತೆ?"

"ಕೈಗೆ ಒಂದು ಹೂವಿನ ಕುಂಡ ಕೊಡು," ಎಂದ ಅವನು.

ಅವನ ಹೊಸ ಕಂಪ್ಯೂಟರಿನ ಬಿಳಿ ಡಬ್ಬವನ್ನು ಕಲ್ಲು ಕೊಯ್ಯುವ ಬ್ಲೇಡಿನ ಕೆಳಗೆ ಇಡಬೇಕೆನಿಸಿತು. ಇಡಲಿಲ್ಲ. ಹನ್ನೆರಡು ತರಗತಿ ಓದಿ ಮೇಲೆ ನಾಲ್ಕು ವರ್ಷ ಕಾಲೇಜಿಗೆ ಹೋದವನಿಗೆ ಒಂದು ಹೆಗಲು ಎಂದರೇನು ಎಂದು ಗೊತ್ತಿಲ್ಲದಿದ್ದರೆ ನಾನೇನು ಕಲಿಸಲಿ. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದರು. ಆಮೇಲೆ, ಶುಕ್ರವಾರದವರೆಗೆ ನೋಡು, ಆಗಲಿಲ್ಲವೆಂದರೆ ಅಳಿಯಂದಿರು ಹೇಳಿದ ಹಾಗೆ ಎಂದರು. ಅಂದು ಸೋಮವಾರ.

ಹೊಸದಕ್ಕೆ ಹಳೆ ವಿಂಡೋಸ್ ಹಾಕಲು ಒಂದು ದಿನ ಹೆಣಗಿದೆ. ಅದು ಹಿಡಿಯಲಿಲ್ಲ. ಹಳೆಯದನ್ನು ಉಳಿಸಿಕೊಳ್ಳಬೇಕಾದರೆ ಹೊಸ ಕಂಪ್ಯೂಟರು ತೀರಾ ಹೊಸದಾಗಿರಬಾರದು ಎಂದು ಅರ್ಥವಾಯಿತು. ದಪ್ಪ ತೂತಿರುವ ಕಾಲದ್ದು ಬೇಕು. ಬುಧವಾರ ಸೈಕಲ್ ಹತ್ತಿ ಊರೆಲ್ಲ ಕೇಳಿದೆ. ಶಾಲೆಯವರು ಹೋದ ವರ್ಷವೇ ಎಸೆದಿದ್ದರು. ಅಂಚೆ ಕಚೇರಿಯಲ್ಲಿ ಒಳಗೇ ಬಿಡಲಿಲ್ಲ. ದನದ ಆಸ್ಪತ್ರೆಯಲ್ಲಿ ಒಂದಿತ್ತು, ಔಷಧಿ ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದರು. ಹಿಂದೆ ತಿರುಗಿಸಿ ನೋಡಿದೆ. ತೂತು ಇತ್ತು. ಬಾಗಿಲಿಗೆ ಅಡ್ಡ ಇಡಲು ಒಂದು ಗ್ರಾನೈಟ್ ತುಂಡು ಕೊಟ್ಟು ಅದನ್ನು ಎತ್ತಿಕೊಂಡು ಬಂದೆ. ಅಲ್ಲಿನ ಗುಮಾಸ್ತೆ ಕಲ್ಲೇ ಚೆನ್ನಾಗಿದೆ ಎಂದಳು.

ನಮ್ಮ ಡಿಸ್ಕನ್ನು ಅದಕ್ಕೆ ಹಾಕಿದೆ. ಹಸಿರು ಗುಡ್ಡ ಬರುವ ಬದಲು ನೀಲಿ ಪರದೆ ಬಂತು, ಬಿಳಿ ಅಕ್ಷರ, ಮತ್ತೆ ಮೊದಲಿನಿಂದ. ಹತ್ತು ಸಲ ಹಾಗೇ ಆಯಿತು. ಕಂಪ್ಯೂಟರು ಎದ್ದೇಳುವ ಮುಂಚೆ ಒಂದು ಗುಂಡಿ ಒತ್ತಿ ಹಿಡಿದರೆ ಅದರ ಹೊಟ್ಟೆಯೊಳಗಿನ ಏರ್ಪಾಡುಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೂವತ್ತೊಂದು ಸಾಲಿದ್ದವು, ಎಲ್ಲಾ ಇಂಗ್ಲಿಷು. ಯಾವುದು ಏನೆಂದು ನನಗೆ ಗೊತ್ತಿರಲಿಲ್ಲ. ಒಡೆದ ಕರಿಕಲ್ಲೊಂದನ್ನು ಗೋಡೆಗೆ ಒರಗಿಸಿ, ಸೀಮೆಸುಣ್ಣದಲ್ಲಿ ಒಂದರಿಂದ ಮೂವತ್ತೊಂದರವರೆಗೆ ಬರೆದೆ. ಒಂದು ಸಾಲು ಬದಲಿಸುವುದು, ಚಾಲೂ ಮಾಡುವುದು, ನೀಲಿ ಬಂದರೆ ಮೊದಲಿದ್ದ ಹಾಗೇ ಇಟ್ಟು ಆ ಅಂಕಿಗೆ ಗೀಟು ಹೊಡೆಯುವುದು. ಮೇಸ್ತ್ರಿ ಎರಡು ಸಲ ಬಂದು ಗೀಟುಗಳನ್ನು ಎಣಿಸಿ ಹೋದರು. ಗುರುವಾರ ಮಧ್ಯಾಹ್ನ ಹತ್ತೊಂಬತ್ತನೆಯ ಸಾಲಿಗೆ ಬಂದೆ. ಡಿಸ್ಕಿನ ಜೊತೆ ಹೊಸ ರೀತಿಯಲ್ಲಿ ಮಾತಾಡಬೇಕೋ ಹಳೆ ರೀತಿಯಲ್ಲೋ ಎಂಬುದು ಅಲ್ಲಿತ್ತು. ಹಳೆಯದು ಎಂದು ಒತ್ತಿದೆ.

ಗುಡ್ಡ ಬಂತು.

ಪ್ರೋಗ್ರಾಮು ತೆರೆದುಕೊಂಡಿತು. 'ಕಾಯುವವರು' ಎಂಬ ಫೋಲ್ಡರಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರು, ಎಲ್ಲ ಬದುಕಿರುವವರದು, ಅಡ್ಡಗೆರೆಯ ಮುಂದೆ ಇನ್ನೂ ವರ್ಷ ಕೆತ್ತಬೇಕಾದವರದು. ಸ್ತಾನಿಕಾ ಎಂಬಲ್ಲಿ ಒತ್ತಿದೆ. ತುಟಿ ಬಿಗಿದುಕೊಂಡ ಒಬ್ಬ ಹುಡುಗಿ, ಕಿವಿಯಲ್ಲಿ ಸಣ್ಣ ಓಲೆ. ಅವಳ ಆಚೆ ಹೆಗಲ ಮೇಲೆ ನಾಲ್ಕು ಬೆರಳು. ಮೇಸ್ತ್ರಿ ಕನ್ನಡಕ ಹಾಕಿಕೊಂಡು ನೋಡಿ, ಆಗಲೂ ಇವಳಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲ ಎಂದರು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಯಂತ್ರ ಹಚ್ಚಿದೆ. ಕಲ್ಲಿನ ಎಡಮೂಲೆ ಎಲ್ಲಿರಬೇಕೆಂದು ಹದಿನೆಂಟು ವರ್ಷದ ಹಿಂದಿನ ಗುರುತು ಫೈಲಿನೊಳಗೇ ಇತ್ತು. ಅದರಂತೆ ಕಲ್ಲನ್ನು ಕಬ್ಬಿಣದ ತಡೆಗೆ ಒತ್ತಿ ಕೂರಿಸಿದೆ. ಸೂಜಿ ಮೇಲಿನಿಂದ ಸಾಲು ಹಿಡಿಯಿತು. ಕೂದಲು, ಹಣೆ, ಕಣ್ಣು. ಹನ್ನೊಂದಕ್ಕೆ ಓಲೆ ಬಂತು. ಊಟದ ಹೊತ್ತಿಗೆ ದಾಲಿಬೋರ್ ತನ್ನ ಬಿಳಿ ಡಬ್ಬ ಒಯ್ಯಲು ಬಂದವನು ಬಾಗಿಲಲ್ಲೇ ನಿಂತ. ಆಗ ಸೂಜಿ ತೋಳಿನ ಸಾಲಿನಲ್ಲಿತ್ತು. ತಿಹೋಮಿರನ ಕೋಟು ನಿಂತಿದ್ದ ಕಡೆಯಿಂದ ಮುಂದುವರಿದು, ಅವಳ ಬೆನ್ನ ಹಿಂದೆ ಹೋಗಿ, ಆ ಕಡೆ ಬೆರಳಾಗಿ ಹೊರಬಂತು. ಒಂದು, ಎರಡು, ಮೂರು, ನಾಲ್ಕು. ದಾಲಿಬೋರ್ ಊಟಕ್ಕೆ ಹೋಗದೆ ಅರ್ಧ ಗಂಟೆ ನೋಡಿದ. ಆಮೇಲೆ ಡಬ್ಬ ಎತ್ತಿಕೊಂಡು ಹೋದ.

ಅವನು ಹೋದ ಮೇಲೆ ಕಲ್ಲು ಅಂಟಿಸುವ ಅಂಟನ್ನು ಕಲಸಿ, ದನದ ಆಸ್ಪತ್ರೆಯ ಕಂಪ್ಯೂಟರಿಗೆ ಇಂಟರ್ನೆಟ್ ವೈರು ಚುಚ್ಚುವ ತೂತಿಗೆ ತುಂಬಿದೆ. ಇನ್ನು ಹೊರಗಿನಿಂದ ಯಾವುದೂ ಅದರೊಳಗೆ ಹೊಗುವುದಿಲ್ಲ, ಯಾರೂ ಅದನ್ನು ಹೊಸದು ಮಾಡುವುದಿಲ್ಲ. ಆ ಇನ್ನೂರು ಜನ ಸಾಯುವವರೆಗೂ ಅದು ಹೀಗೇ ಇರಬೇಕು.

ಶನಿವಾರ ಬೆಳಿಗ್ಗೆ ಕಲ್ಲನ್ನು ಗೋರಿಯ ಮೇಲೆ ಕೂರಿಸಿದೆವು. ಸ್ತಾನಿಕಾ ಅಜ್ಜಿ ಬಕೆಟ್ಟು, ಬಟ್ಟೆ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಸಿಹಿ ಗೋಧಿ ಹಿಡಿದು ಬಂದಳು. ತನ್ನ ಮುಖವನ್ನು ಹೆಚ್ಚು ನೋಡಲಿಲ್ಲ. ಕೈಯನ್ನು ನೋಡಿದಳು. ಹೆಬ್ಬೆರಳ ಉಗುರನ್ನು ಕೋಟಿನ ತೋಳಿನ ಮೇಲೆ ಮೆಲ್ಲಗೆ ಎಳೆಯುತ್ತ ಹೋಗಿ, ಹಳೆಯದೂ ಹೊಸದೂ ಸೇರುವಲ್ಲಿ ನಿಲ್ಲಿಸಿದಳು.

"ಇಲ್ಲಿ ಒಂದು ಮೆಟ್ಟಿಲು ಇದೆ."

ಇತ್ತು. ಕೂದಲೆಳೆಯಷ್ಟು. ಹದಿನೆಂಟು ವರ್ಷದಲ್ಲಿ ಕಬ್ಬಿಣದ ತಡೆ ಸವೆದಿದೆ ಅಜ್ಜಿ, ಅದಕ್ಕೆ ತೋಳು ಒಂಚೂರು ಕೆಳಗೆ ಬಂದಿದೆ ಎಂದೆ. ತಪ್ಪು ನನ್ನದೇ ಎಂದೂ ಹೇಳಿದೆ.

ಅವಳು ಬಟ್ಟೆ ಹಿಂಡಿ ಆ ಜಾಗವನ್ನು ಒರೆಸಿದಳು.

"ಇರ್ಲಿ ಬಿಡು. ಇಷ್ಟು ವರ್ಷ ಸುಮ್ನೆ ಚಾಚ್ಕೊಂಡಿದ್ದ ಕೈ. ಸ್ವಲ್ಪ ಇಳಿಯತ್ತೆ."

ಆಮೇಲೆ ಗೋಧಿಯ ಪಾತ್ರೆ ಬಿಚ್ಚಿ, ನನ್ನ ಅಂಗೈಗೆ ಒಂದು ಚಮಚ ಹಾಕಿದಳು. ತಿಂದೆ. ಸಕ್ಕರೆ ಜಾಸ್ತಿಯಾಗಿತ್ತು.