ಗಂಟೆ ಹೊಡೆದರೆ ಯಾರು ಏಳಬೇಕು

ನಮ್ಮ ಮನೆಯ ಬಾಗಿಲ ಗಂಟೆ ಹೊಡೆದರೆ ನಮ್ಮವರು ಏಳುವುದಿಲ್ಲ. "ಯಾರೋ ಬಂದ್ರು, ನೋಡೇ" ಎನ್ನುತ್ತಾರೆ. ಬಾಗಿಲಿಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದರೂ ಅಷ್ಟೇ. ಒಲೆಯ ಮುಂದಿನಿಂದ ಕೈ ಒರೆಸಿಕೊಳ್ಳುತ್ತ ನಾನೇ ಬರಬೇಕು. ಮದುವೆಯಾದಂದಿನಿಂದ ನಡೆದುಬಂದ ಈ ಜಾಣಕಿವುಡು ಕಡೆಗೊಮ್ಮೆ ಇವರ ಕಾರಿನ ಪ್ರಾಣಕ್ಕೇ ಬಂತು.

ಇವರು ಹಲ್ಲಿನ ಡಾಕ್ಟರು. ಊರವರ ಹಲ್ಲಿನ ತೂತು ಮುಚ್ಚುವ ಈ ಮನುಷ್ಯ ತಮ್ಮ ಟರ್ಬೊ ಕಾರಿನ ಎಂಜಿನ್ನಿಗೆ ತಾವೇ ತೂತು ಹೊಡೆದರು. ಟರ್ಬೊ ಎಂದರೆ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಸಾಲದೆಂದು ಇವರು ಆ ಒತ್ತಡವನ್ನು ಇನ್ನಷ್ಟು ಏರಿಸಿದ್ದರು. ಒತ್ತಿದಷ್ಟೂ ಗಾಳಿ ಕಾಯುತ್ತದೆ. ಕಾದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಒಳಗೆ ಟಕಟಕ ಬಡಿಯುತ್ತದೆ. ಆ ಬಡಿತ ಕೇಳಿಯೂ ಆಕ್ಸಿಲರೇಟರಿನಿಂದ ಕಾಲು ತೆಗೆಯದಿದ್ದರೆ ಪಿಸ್ಟನ್ ತೂತು. ಆ ತೂತು ಪಿಸ್ಟನ್ ಈಗ ನಮ್ಮ ಮೇಜಿನ ಮೇಲೆ ಪೆನ್ನು ಹಿಡಿದುಕೊಂಡು ನಿಂತಿದೆ.

"ಇನ್ನೊಂದು ಎಂಜಿನ್ ಹೋದ್ರೆ ಕಾರು ಗುಜರಿಗೆ, ನೀವು ಬಸ್ಸಿಗೆ" ಎಂದೆ. ಅತ್ತೆಯ ಮೇಲೆ ಆಣೆಯಿಟ್ಟು ಒಪ್ಪಿದರು. "ನನ್ಮೇಲೆ ಯಾಕೋ, ಆ ಕಾರಿನ್ಮೇಲೆ ಇಡು" ಎಂದರು ಅತ್ತೆ.

ಹೊಸ ಎಂಜಿನ್ನಿಗೆ ನೀರಿನ ಉಪಚಾರ ಶುರುವಾಯಿತು. ಕಾಲು ಜೋರಾಗಿ ಒತ್ತಿದಾಗ ಸಣ್ಣ ಪಂಪೊಂದು ಆ ಬಿಸಿಗಾಳಿಗೆ ನೀರಿನ ತುಂತುರು ಹೊಡೆದು ತಣಿಸುತ್ತದೆ. ನೀರು ಬರುವುದು ಮುಂದಿನ ಗಾಜು ತೊಳೆಯುವ ಡಬ್ಬಿಯಿಂದಲೇ.

"ನೀರು ಖಾಲಿಯಾದ್ರೆ?" ಎಂದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಪೈಕಿ ತಾವಲ್ಲ ಎಂಬ ಠೀವಿಯಿಂದ ಇವರು ಡಬ್ಬಿಯೊಳಗೆ ಒಂದು ತೇಲುವ ಬೆಂಡು ಬಿಟ್ಟರು. ನೀರು ತಳ ಕಂಡರೆ ಬೆಂಡು ಇಳಿದು ಗಂಟೆ ಬಾರಿಸಬೇಕು. ಗಂಟೆಗೆಂದು ಮನೆಯ ಬಾಗಿಲಿನ ಬ್ಯಾಟರಿ ಗಂಟೆಯನ್ನೇ ಬಿಚ್ಚಿ ಸ್ಟಿಯರಿಂಗಿನ ಕೆಳಗೆ ಕೂರಿಸಿದರು. "ಇದರ ಸದ್ದು ನಮಗೆ ರೂಢಿ ಇದೆ" ಎಂದರು. ಅದೇ ತೊಂದರೆ ಎಂದು ನನಗೂ ಹೊಳೆಯಲಿಲ್ಲ.

ಭಾನುವಾರ ಅತ್ತೆಯ ತಂಗಿಯ ಮನೆಗೆಂದು ಮೂವರೂ ಗುಡ್ಡದ ದಾರಿ ಹಿಡಿದೆವು. ಗಾಜಿನ ಮೇಲೆ ಹಕ್ಕಿಯೊಂದು ತನ್ನ ಕೆಲಸ ಮುಗಿಸಿ ಹೋಗಿತ್ತು. ಅದು ಅಳಿಸಿಹೋಗುವ ತನಕ ಇವರು ನೀರು ಚಿಮ್ಮಿಸಿದ್ದೇ ಚಿಮ್ಮಿಸಿದ್ದು. ಆಮೇಲೆ ಏರು ಬಂತು. ಇವರ ಕಾಲು ಕೆಳಗೆ ಹೋಯಿತು, ಮುಖದಲ್ಲಿ ಹುಡುಗಾಟದ ನಗು ಬಂತು.

ಗಂಟೆ ಹೊಡೆಯಿತು.

"ಯಾರೋ ಬಂದ್ರು, ನೋಡೇ" ಎಂದರು, ಕಾಲು ಕದಲಿಸದೆ.

ನನ್ನ ಕೈಗೆ ಏನೆನ್ನಲಿ. ಅದು ತಾನಾಗಿಯೇ ಬಟ್ಟೆಗೆ ಒರೆಸಿಕೊಂಡು ಕಾರಿನ ಬಾಗಿಲಿನ ಹಿಡಿಗೆ ಹೋಯಿತು. ಹಿಂದೆ ತೂಕಡಿಸುತ್ತಿದ್ದ ಅತ್ತೆ ಕಣ್ಣು ಬಿಡದೆ, "ಪೇಪರಿನವನಾದ್ರೆ ನಾಳೆ ಬಾ ಅನ್ನು" ಎಂದರು. ಗಂಟೆ ಹೊಡೆಯುತ್ತಲೇ ಇತ್ತು. ಅದರ ನಡುವೆ ಮುಂದಿನಿಂದ ಸಣ್ಣಗೆ ಟಕಟಕ ಕೇಳಿತು.

"ನೀರು ರೀ, ನೀರು" ಎಂದು ಇವರ ತೊಡೆಗೆ ಬಾರಿಸಿದೆ. ಕಾಲು ಮೇಲೆ ಬಂತು, ಕಾರು ರಸ್ತೆಯಂಚಿಗೆ ಬಂದು ನಿಂತಿತು. ಇವರ ಮುಖದಲ್ಲಿ ರಕ್ತವಿರಲಿಲ್ಲ. ಗುಜರಿಗೆ ಹಾಕುತ್ತೇನೆಂದು ಆಣೆ ಇಡಿಸಿದ್ದವಳು ನಾನೇ. ಆ ಮುಖ ನೋಡಿ, ದೇವರೇ ಇದೊಂದು ಎಂಜಿನ್ ಉಳಿಯಲಿ ಎಂದು ಬೇಡಿಕೊಂಡವಳೂ ನಾನೇ.

ಡಬ್ಬಿಗೆ ನಮ್ಮ ಕುಡಿಯುವ ನೀರು ಸುರಿದು, ಮೆಲ್ಲಗೆ ಮನೆ ಸೇರಿದೆವು. ಇವರು ಪ್ಲಗ್ ಬಿಚ್ಚಿ, ತೆಳ್ಳನೆಯ ಕ್ಯಾಮೆರಾ ಒಳಗಿಳಿಸಿ ನೋಡಿದರು. ಎಂಜಿನ್ನಿಗೆ "ಆ ಅನ್ನಿ" ಎನ್ನುವುದೊಂದು ಬಾಕಿ.

"ತೂತಿಲ್ಲ. ಸ್ವಲ್ಪ ಕರೆ ಕಟ್ಟಿದೆ, ಅಷ್ಟೇ" ಎಂದರು. ನನಗೆ ಅಳುವಷ್ಟು ಸಂತೋಷವಾಯಿತು.

ಈಗ ಕಾರಿನಲ್ಲಿ ಗಂಟೆಯಿಲ್ಲ. ನೀರು ಇಳಿದರೆ ಬೆಂಡು ಯಾರನ್ನೂ ಕರೆಯದೆ ತಾನೇ ಟರ್ಬೊದ ಒತ್ತಡ ಇಳಿಸುತ್ತದೆ. ಕಾರು ಮುದಿ ಎತ್ತಿನ ಹಾಗೆ ಸಾಗುತ್ತದೆ. "ಇದು ಮನುಷ್ಯರನ್ನ ನಂಬಿ ಬಿಡೋ ಕೆಲಸ ಅಲ್ಲ" ಎಂದು ಇವರು ಹೇಳುತ್ತಾರೆ, ತಪ್ಪು ಮಾಡಿದ ಮನುಷ್ಯ ಇನ್ಯಾರೋ ಎಂಬಂತೆ.

ಗಂಟೆ ಮನೆಗೂ ವಾಪಸು ಬರಲಿಲ್ಲ, ಬಿಚ್ಚುವಾಗ ಮುರಿಯಿತಂತೆ. ಬಂದವರು ಬಾಗಿಲು ಬಡಿಯುತ್ತಾರೆ. ಮೊನ್ನೆ ಪಕ್ಕದ ಮನೆಯಾಕೆ ಬಂದು ಬೆರಳಲ್ಲಿ ಟಕಟಕ ಎನ್ನಿಸಿದರು. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಇವರು ಕುರ್ಚಿಯಲ್ಲೇ ಬಲಗಾಲು ಮೇಲಕ್ಕೆತ್ತಿ, ಬಿಳಿಚಿಕೊಂಡು, ಒಂದೇ ನೆಗೆತಕ್ಕೆ ಹೋಗಿ ಬಾಗಿಲು ತೆರೆದಿದ್ದರು.

ಹೊಸ ಗಂಟೆ ತರೋಣವೇ ಎಂದು ಅತ್ತೆ ಕೇಳಿದರು. ಸದ್ಯಕ್ಕೆ ಬೇಡ ಎಂದೆ.