ಹಳ್ಳದ ದಾರಿಯಲ್ಲಿ ತಮ್ಮಯ್ಯನ ಧ್ವನಿ

ಬಾಳೂರಿನ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲು ಶುರುವಾಯಿತೆಂದರೆ ಕೂಲಿ ಲೈನಿನ ಸಾಲುಮನೆಗಳಿಗೆ ಒಂದೇ ಭಯ. ಬೆಳಗಿನ ಮಂಜಿನೊಳಗೆ ಆನೆ ನಿಂತಿದ್ದರೆ? ಅಷ್ಟು ದೊಡ್ಡ ಪ್ರಾಣಿ, ನಡೆದರೆ ಒಣ ಎಲೆಯೂ ಸದ್ದು ಮಾಡುವುದಿಲ್ಲ. ಎದುರಿಗೆ ಬಂದ ಮೇಲೆಯೇ ಗೊತ್ತಾಗುವುದು. ಕೃಷ್ಣಮ್ಮನ ಗಂಡ ತಮ್ಮಯ್ಯ ತೀರಿಕೊಂಡದ್ದು ಹಾಗೆಯೇ, ಹಿಂದಿನ ವರ್ಷ, ಹಳ್ಳದ ದಾರಿಯಲ್ಲಿ.

ಈ ವರ್ಷ ಅದೇ ದಾರಿಯಲ್ಲಿ ಕೃಷ್ಣಮ್ಮ ಒಂದು ಬೆಳಿಗ್ಗೆ ಒಬ್ಬಳೇ ಕೆಲಸಕ್ಕೆ ಹೊರಟಿದ್ದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ತನ್ನ ಕಾಲೇ ತನಗೆ ಕಾಣುತ್ತಿರಲಿಲ್ಲ. ಹಕ್ಕಿಗಳೂ ಬಾಯಿ ಮುಚ್ಚಿಕೊಂಡಿದ್ದವು. ಆಗ ಹಳ್ಳದ ಕಡೆಯಿಂದ ಗಂಡಸಿನ ಧ್ವನಿಯೊಂದು ಬಂತು.

"ಅಲ್ಲೇ ನಿಲ್ಲಿ. ಮುಂದೆ ಬರ್ಬೇಡಿ. ನಾನ್ ಬರ್ತೀನಿ."

ಕೊನೆಗೊಂದು ಸಣ್ಣ ಕೆಮ್ಮು.

ಕೃಷ್ಣಮ್ಮನ ಕೈಯಿಂದ ಕೊಯ್ಲಿನ ಬುಟ್ಟಿ ಜಾರಿತು. ಧ್ವನಿ ತಮ್ಮಯ್ಯನದು. ಆ ಕೆಮ್ಮೂ ಅವನದೇ. ಮಂಜಿನಲ್ಲಿ ಯಾರೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಮಾತು ಮತ್ತೊಮ್ಮೆ, ಒಂದಕ್ಷರವೂ ಹೆಚ್ಚುಕಮ್ಮಿ ಇಲ್ಲದೆ ಕೇಳಿಸಿತು. "ನಾನ್ ಬರ್ತೀನಿ." ಅವಳು ತಿರುಗಿ ಓಡಿದವಳು ಮನೆ ಸೇರುವವರೆಗೂ ನಿಲ್ಲಲಿಲ್ಲ.

ಪಕ್ಕದ ಮನೆಯ ಗಿರಿಜಾಂಬಾ ನೀರು ಕುಡಿಸಿ, ಎಲ್ಲ ಕೇಳಿಸಿಕೊಂಡಳು. ದನಿ ತಗ್ಗಿಸಿ ಹೇಳಿದಳು: "ಅಕಾಲದಲ್ಲಿ ಹೋದ ಜೀವ ಕಣೇ. ಅದೂ ಅಲ್ದೆ, ನಿನ್ ಮಗಳು ಆ ಹಳೇ ಡಿಸ್ಪೆನ್ಸರಿಗೆ ಹೋಗ್ತಾಳಲ್ಲ? ಎಷ್ಟು ಜನ ಪ್ರಾಣ ಬಿಟ್ಟ ಜಾಗ ಅದು! ಅಲ್ಲಿ ಕೂತು ಪೆಟ್ಟಿಗೆ ಮುಂದೆ ಏನೇನೋ ಗೊಣಗ್ತಾರಂತೆ. ಏನನ್ನ ಎಬ್ಬಿಸಿದ್ರೋ!"

ಕೃಷ್ಣಮ್ಮನ ಮಗಳು ಧನ್ಯಶ್ರೀ ಒಂಬತ್ತನೇ ಕ್ಲಾಸು. ಮುಚ್ಚಿದ್ದ ಡಿಸ್ಪೆನ್ಸರಿಯನ್ನು ಗುಡಿಸಿ ಸಾರಿಸಿ, ಲೈನಿನ ಮಕ್ಕಳಿಗೆಂದು ಅಲ್ಲಿ ಕಂಪ್ಯೂಟರ್ ಕ್ಲಾಸು ಶುರು ಮಾಡಿದ್ದರು. ಗೋಣಿಬೀಡಿನಿಂದ ಸುಪ್ರಿಯಾ ಟೀಚರ್ ಬಸ್ಸಿನಲ್ಲಿ ಬಂದು ದುಡ್ಡಿಲ್ಲದೆ ಪಾಠ ಹೇಳುತ್ತಿದ್ದರು.

ಅಮ್ಮ ಕೇಳಿದ ಧ್ವನಿಯ ವಿಷಯ ತಿಳಿದಾಗ ಧನ್ಯಶ್ರೀಯ ಮುಖ ಬಿಳಿಚಿಕೊಂಡಿತು. "ಅಮ್ಮಾ, ಅದು..." ಎಂದು ಬಾಯಿ ತೆರೆದಳು.

"ಒಂದ್ ಮಾತೂ ಬೇಡ. ನಾಳೆಯಿಂದ ಆ ಕ್ಲಾಸಿಲ್ಲ, ಏನಿಲ್ಲ. ಸ್ಕೂಲಿಂದ ಸೀದಾ ಮನೆಗೆ ಬಾ" ಎಂದು ಕೃಷ್ಣಮ್ಮ ಗದರಿದಳು. ಹುಡುಗಿ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಲೈನಿನವರು ಹಳ್ಳದ ದಾರಿ ಬಿಟ್ಟು ಸುತ್ತು ಹಾಕಿ ನಡೆಯತೊಡಗಿದರು. ತಮ್ಮಯ್ಯ ಕರೆಯುವುದನ್ನು ತಾವೂ ಕೇಳಿದೆವೆಂದು ಇಬ್ಬರು ಮೂವರು ಹೇಳಿದರು. "ಬರ್ತೀನಿ ಅಂತಾನೆ, ಬರಲ್ಲ" ಎಂದು ಮಕ್ಕಳು ಪಿಸುಗುಟ್ಟಿದರು. ಕೃಷ್ಣಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು.

ಧನ್ಯಶ್ರೀ ಕ್ಲಾಸಿಗೆ ಬಾರದಿದ್ದಾಗ, ರಜೆಯ ದಿನ ಬೆಳಿಗ್ಗೆ ಸುಪ್ರಿಯಾ ಟೀಚರ್ ಲೈನಿಗೇ ಬಂದರು.

ಕೃಷ್ಣಮ್ಮ ಬಾಗಿಲಲ್ಲೇ ನಿಂತು ಕೇಳಿದಳು: "ಟೀಚರ್, ಬೇಜಾರು ಮಾಡ್ಕೋಬೇಡಿ. ಹಣ್ಣು ಕುಯ್ಯೋರ್ ಮಕ್ಳಿಗೆ ಕಂಪ್ಯೂಟ್ರು ಯಾಕೆ? ಅದೆಲ್ಲ ಸಾಹುಕಾರ್ರ ಮಕ್ಳಿಗೆ. ನಮಗೆ ಬಂದಿದ್ದು ಪೀಡೆ ಮಾತ್ರ."

"ಯಾವ ಪೀಡೆ, ಕೃಷ್ಣಮ್ಮ?"

ಕೃಷ್ಣಮ್ಮ ಎಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಟೀಚರ್ ನಿಧಾನವಾಗಿ ಹುಡುಗಿಯ ಕಡೆ ತಿರುಗಿದರು. "ಧನ್ಯಾ, ಹಳ್ಳದ ಹತ್ರ ಇಟ್ಟ ಪೆಟ್ಟಿಗೆಗೆ ಹಾಕಿದ್ದು ಯಾರ ಧ್ವನಿ? ಮಾವಂದು ಅಂತ ನೀನು ಹೇಳಿದ್ದೆ."

ಧನ್ಯಶ್ರೀ ಗೋಡೆಗೆ ಒರಗಿ ಅಳತೊಡಗಿದಳು. "ಅಪ್ಪಂದು ಟೀಚರ್. ಹಳ್ಳ ಉಕ್ಕಿದ್ದಾಗ ನಾನೂ ಅಮ್ಮನೂ ಆಚೆ ದಡದಲ್ಲಿದ್ವಿ. ಆಗ ಅಪ್ಪ ಫೋನಲ್ಲಿ ಮಾತಾಡಿ ಕಳ್ಸಿದ್ರು. ಅದನ್ನೇ ಹಾಕ್ದೆ. 'ನಾನ್ ಬರ್ತೀನಿ' ಅನ್ನೋದು ಬೇಕಿರ್ಲಿಲ್ಲ. ಕತ್ತರಿಸೋಕೆ ಕೈ ಬರ್ಲಿಲ್ಲ."

ಕೃಷ್ಣಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಟೀಚರ್ ಬಿಡಿಸಿ ಹೇಳಿದರು. ತೋಟದವರ ಒಪ್ಪಿಗೆ ಪಡೆದು ಮಕ್ಕಳು ಹಳ್ಳದ ಹತ್ತಿರ ಒಂದು ಪೆಟ್ಟಿಗೆ ಇಟ್ಟಿದ್ದರು. ಆನೆಯ ಹೆಜ್ಜೆ ನಮ್ಮ ಕಿವಿಗೆ ಕೇಳದಿದ್ದರೂ ನೆಲ ಅದುರುತ್ತದೆ. ಆ ಅದುರುವಿಕೆ ಪೆಟ್ಟಿಗೆಗೆ ತಿಳಿಯುತ್ತದೆ. ಹಗುರ ಹೆಜ್ಜೆಯಾದರೆ ಸುಮ್ಮನಿರು, ಭಾರದ ಹೆಜ್ಜೆಯಾದರೆ ಮಾತಾಡು: ಪೆಟ್ಟಿಗೆಗೆ ಹೀಗೆ ಹೇಳಿಕೊಟ್ಟವಳು ಧನ್ಯಶ್ರೀ. ಕಂಪ್ಯೂಟರ್ ಕ್ಲಾಸಿನಲ್ಲಿ ಅವಳು ಕಲಿತದ್ದು ಅದನ್ನೇ. "ಇನ್ನೂ ಪರೀಕ್ಷೆ ಮಾಡ್ತಾ ಇದ್ವಿ. ಲೈನಿನವ್ರಿಗೆ ಮೊದ್ಲೇ ಹೇಳ್ಬೇಕಿತ್ತು" ಎಂದರು ಟೀಚರ್.

"ಸತ್ತವ್ರ ಧ್ವನಿ ತಗೊಂಡ್ಹೋಗಿ ಪೆಟ್ಟಿಗೇಲಿ ಹಾಕಿದ್ಯಾ?" ಕೃಷ್ಣಮ್ಮ ಮಗಳ ಕಡೆ ತಿರುಗಿದಳು. "ಈಗ್ಲೇ ಕಿತ್ತು ಹಾಕು. ನಡಿ, ನನ್ ಕಣ್ಣೆದುರೇ ಕಿತ್ತು ಹಾಕು."

ಮೂವರೂ ಹಳ್ಳದ ದಾರಿ ಹಿಡಿದರು. ಇಳಿಜಾರಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಮರಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತಿರುವು ಇನ್ನೂ ಸ್ವಲ್ಪ ದೂರವಿತ್ತು.

"ಅಲ್ಲೇ ನಿಲ್ಲಿ. ಮುಂದೆ ಬರ್ಬೇಡಿ. ನಾನ್ ಬರ್ತೀನಿ."

ಕೃಷ್ಣಮ್ಮ ಮಗಳ ಕೈ ಹಿಡಿದಳು. "ನಿಲ್ಸು ಅದನ್ನ."

"ನಾನೇನೂ ಮಾಡಿಲ್ಲಮ್ಮಾ" ಎಂದು ಧನ್ಯಶ್ರೀ ಉಸುರಿದಳು. "ಅದಾಗೇ ಮಾತಾಡ್ತಿದೆ."

ಮೂವರೂ ಕಲ್ಲಾಗಿ ನಿಂತರು. ಮೊದಲು ಬಂದದ್ದು ವಾಸನೆ, ಹಸಿ ಮಣ್ಣಿನದು, ಲದ್ದಿಯದು. ಆಮೇಲೆ ಮಂಜಿನ ಒಂದು ಭಾಗವೇ ಕಪ್ಪಾಯಿತು. ಆ ಕಪ್ಪು ಸದ್ದಿಲ್ಲದೆ ಕದಲಿತು. ದಾರಿಯ ತಿರುವಿನಲ್ಲಿ ಒಂಟಿ ಆನೆಯೊಂದು ಅಡ್ಡ ಬಂದು ನಿಂತು, ಸೊಂಡಿಲೆತ್ತಿ ಗಾಳಿಯನ್ನು ಮೂಸಿತು. ಮಂಜಿನೊಳಗಿಂದ ತಮ್ಮಯ್ಯ ಮತ್ತೆ ಕೆಮ್ಮಿದ. ಮೂವರೂ ಹಿಂದಕ್ಕೆ ಒಂದೊಂದೇ ಹೆಜ್ಜೆ ಸರಿದರು. ಆನೆ ಕಾಫಿ ಗಿಡಗಳ ನಡುವೆ ಇಳಿದು, ಬಂದಷ್ಟೇ ಮೌನವಾಗಿ ಕರಗಿಹೋಯಿತು.

ಲೈನಿಗೆ ಬಂದ ಕೂಡಲೇ ಟೀಚರ್ ಅರಣ್ಯ ಇಲಾಖೆಗೆ ಫೋನು ಮಾಡಿದರು. ಕೃಷ್ಣಮ್ಮ ಜಗಲಿಯ ಮೇಲೆ ಕುಳಿತಳು. ಅಂದು ಬುಟ್ಟಿ ಜಾರಿದಾಗಲೂ ಮಂಜಿನೊಳಗೆ ಏನೋ ನಿಂತಿತ್ತು ಎಂಬುದು ಆಗ ಅವಳಿಗೆ ಹೊಳೆಯಿತು. ಮಗಳನ್ನು ಕೇಳಿದಳು:

"ಅವತ್ತು ನಿಮ್ಮಪ್ಪ ಹೋಗೋವಾಗ ಇಂಥದೊಂದು ಇದ್ದಿದ್ರೆ?"

"ಅದಕ್ಕೇ ಮಾಡಿದ್ದಮ್ಮಾ" ಎಂದಳು ಧನ್ಯಶ್ರೀ. "ಸೈರನ್ ಹಾಕಿದ್ರೆ ಜನ ಹೆದರಿ ಓಡ್ತಾರೆ. ಗೊತ್ತಿರೋರು ಹೇಳಿದ್ರೆ ನಿಲ್ತಾರೆ."

ಮಾರನೆಯ ದಿನ ಕೃಷ್ಣಮ್ಮ ತಾನೇ ಮಗಳನ್ನು ಕರೆದುಕೊಂಡು ಡಿಸ್ಪೆನ್ಸರಿಯ ಮೆಟ್ಟಿಲು ಹತ್ತಿದಳು. ಒಳಗೆ ಮಕ್ಕಳು ತಲೆ ಕೆಡಿಸಿಕೊಂಡು ಕೂತಿದ್ದರು. ಎಮ್ಮೆ ಬಂದರೂ ಪೆಟ್ಟಿಗೆ ಮಾತಾಡುತ್ತದಂತೆ, ಅದನ್ನು ಸರಿಪಡಿಸಬೇಕಂತೆ. ಅವರ ಮಧ್ಯೆ ಗಿರಿಜಾಂಬಾಳ ಮೊಮ್ಮಗಳೂ ಇದ್ದಳು. ಆನೆಯ ಸುದ್ದಿ ಕೇಳಿ ಅಜ್ಜಿಯೇ ಕಳಿಸಿದ್ದಳು.

"ಧ್ವನಿ ಬದಲಾಯಿಸು" ಎಂದಳು ಕೃಷ್ಣಮ್ಮ. "ಅಪ್ಪಂದು ಫೋನಲ್ಲಿರ್ಲಿ, ಮನೇಲಿ ಕೇಳೋಣ. ಹೋದವ್ರಿಗೆ ಇನ್ನೂ ಕೆಲ್ಸ ಹಚ್ಬಾರ್ದು. ದಾರೀಲಿ ನಂದಿರ್ಲಿ. ಎಲ್ಲಿ ಮಾತಾಡ್ಬೇಕು, ತೋರ್ಸು."

ಧನ್ಯಶ್ರೀ ಅಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಕೃಷ್ಣಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಹೇಳಿದಳು: "ಆನೆ ಇದೆ. ಅಲ್ಲೇ ನಿಲ್ಲಿ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ದಾರಿಯ ಕಷ್ಟ ದೂರದ ಊರಿನ ಜಾಣರಿಗೆ ಗೊತ್ತಿಲ್ಲ. ನಮ್ಮ ಮಕ್ಕಳಿಗೆ ಗೊತ್ತಿದೆ. ಅದಕ್ಕೆ ಉಪಾಯ ಹುಡುಕುವ ವಿದ್ಯೆಯೂ ಅವರಿಗೆ ಸಿಗಲಿ. ನಿಮ್ಮೂರಿನ ಶಾಲೆಯಲ್ಲಿ, ಗ್ರಂಥಾಲಯದಲ್ಲಿ ಕಂಪ್ಯೂಟರ್ ಪಾಠ ಇದೆಯೇ ಎಂದು ಈ ವಾರವೇ ಹೋಗಿ ಕೇಳಿ. ಇದ್ದರೆ ಮಗಳನ್ನೂ ಮಗನನ್ನೂ ಇಬ್ಬರನ್ನೂ ಕಳಿಸಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅರ್ಥವಾಗದ್ದನ್ನು ಕಂಡು ಹೆದರಿಕೆಯಾದರೆ ಬಾಗಿಲು ಹಾಕಬೇಡಿ. ಮಗುವಿನ ಪಕ್ಕ ಕುಳಿತು, "ಇದೇನು, ಹೇಳು" ಎನ್ನಿ.